ನೆಲಮಾಳಿಗೆಯನ್ನು ವಾಸದ ಜಾಗ ಮಾಡುವುದು ಹೇಗೆ: ನೀರಿನಿಂದ ಶುರು ಮಾಡಿ, ಬಣ್ಣದಿಂದಲ್ಲ

ಮನೆಯ ಕೆಳಗೆ ಖಾಲಿ ಬೇಸ್‌ಮೆಂಟ್ ಇದ್ದರೆ ತಲೆಗೆ ಮೊದಲು ಬರುವುದು ದೊಡ್ಡ ಟಿವಿ, ಮೆತ್ತನೆಯ ಸೋಫಾ, ಮಂದ ಬೆಳಕು. ಇವೆಲ್ಲ ಕೊನೆಯ ಹತ್ತು ದಿನದ ಕೆಲಸ. ಅದಕ್ಕೂ ಮುಂಚಿನ ಕೆಲಸವೇ ಜಾಸ್ತಿ, ಮತ್ತು ಅದು ಮುಗಿದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ.

ಮೇಲಿನ ಕೋಣೆಗಳ ಗೋಡೆಯಾಚೆ ಗಾಳಿ ಇದೆ. ಬೇಸ್‌ಮೆಂಟಿನ ಗೋಡೆಯಾಚೆ ಮಣ್ಣಿದೆ, ಮಣ್ಣಿನಲ್ಲಿ ನೀರಿದೆ. ಈ ಜಾಗದ ಎಲ್ಲ ತೊಂದರೆಗಳ ಮೂಲ ಇದೇ. ಹಾಗಾಗಿ 'ನನಗೆ ಇಲ್ಲಿ ಏನು ಬೇಕು' ಎಂದು ಪಟ್ಟಿ ಮಾಡುವ ಮೊದಲು 'ಈ ಜಾಗ ಯಾವುದಕ್ಕೆ ಒಗ್ಗುತ್ತದೆ' ಎಂದು ತಿಳಿಯಬೇಕು. ಕೆಳಗಿನ ಹಂತಗಳನ್ನು ಕೆಲಸ ನಡೆಯಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಹಿಂದುಮುಂದು ಮಾಡಿದರೆ ಕಟ್ಟಿದ್ದನ್ನು ಒಡೆಯಬೇಕಾಗುತ್ತದೆ.

ಹಂತ 1: ತೇವ ಇದೆಯಾ, ಎಲ್ಲಿಂದ ಬರುತ್ತಿದೆ?

ಸಾಧ್ಯವಿದ್ದರೆ ಒಂದು ಪೂರ್ತಿ ಮಳೆಗಾಲ ಸುಮ್ನೆ ನೋಡಿ. ಬೇಸಿಗೆಯಲ್ಲಿ ಒಣಗಿ ನಿಂತ ಗೋಡೆಯನ್ನು ನಂಬುವಂತಿಲ್ಲ. ಜೋರು ಮಳೆ ಬಂದ ಮರುದಿನ ಟಾರ್ಚ್ ಹಿಡಿದು ಗೋಡೆ ಮತ್ತು ನೆಲ ಸೇರುವ ಮೂಲೆಗಳನ್ನು ಒಂದು ಸುತ್ತು ನೋಡಿ. ಬಿಳಿ ಪುಡಿ ಉದುರುತ್ತಿದ್ದರೆ ಅದು ಉಪ್ಪು. ಗೋಡೆಯೊಳಗಿಂದ ಬಂದ ನೀರು ಆವಿಯಾಗಿ ಹೋಗುವಾಗ ಅದನ್ನು ಅಲ್ಲೇ ಬಿಟ್ಟು ಹೋಗಿರುತ್ತದೆ. ಗಾರೆ ಉಬ್ಬುವುದು, ಬಣ್ಣ ಪದರ ಪದರವಾಗಿ ಏಳುವುದು, ರಟ್ಟಿನ ಪೆಟ್ಟಿಗೆಗಳ ತಳ ಮೆತ್ತಗಾಗುವುದು, ಬಾಗಿಲು ತೆರೆದಾಗ ಮುಗ್ಗಲು ವಾಸನೆ ಬರುವುದು ಇವೆಲ್ಲ ಒಂದೇ ಕಥೆ ಹೇಳುತ್ತವೆ.

ತೇವ ಮಣ್ಣಿನಿಂದ ಬರುತ್ತಿದೆಯೋ ಒಳಗಿನ ಗಾಳಿಯಿಂದಲೋ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟ್ ನೆಲದ ಮೇಲೆ ಹಾಸಿ. ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೀರು ನೆಲದಿಂದ ಏರುತ್ತಿದೆ. ಹಾಳೆಯ ಮೇಲ್ಭಾಗದಲ್ಲಿ ಹನಿ ಕೂತಿದ್ದರೆ ಒಳಗಿನ ಗಾಳಿಯಲ್ಲೇ ತೇವ ಜಾಸ್ತಿ. ಗೋಡೆಗೂ ಇದೇ ರೀತಿ ಮಾಡಬಹುದು. ಎರಡರ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ನೀರು ತಡೆಯುವ ಕೆಲಸ ಬೇಕು, ಎರಡನೆಯದಕ್ಕೆ ಗಾಳಿಯ ವ್ಯವಸ್ಥೆ ಬೇಕು.

ನೀರು ಹೊರಗಿಂದ ಬರುತ್ತಿದ್ದರೆ ಪರಿಹಾರವನ್ನೂ ಹೊರಗಿಂದಲೇ ಶುರು ಮಾಡಿ. ಮನೆಯ ಸುತ್ತಲಿನ ನೆಲದ ವಾಟ ಗೋಡೆಯಿಂದ ಆಚೆಗೆ ಇರಬೇಕು. ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರು ಇದ್ದರೆ ಒಳ್ಳೆಯದು. ಚಾವಣಿಯ ಮಳೆನೀರಿನ ಪೈಪು ಗೋಡೆಯ ಬುಡದಲ್ಲೇ ಸುರಿಯುತ್ತಿದ್ದರೆ ಅದನ್ನು ಐದಾರು ಅಡಿ ದೂರಕ್ಕೆ ಒಯ್ಯಿರಿ. ಗೋಡೆಗೆ ಒತ್ತಿಕೊಂಡ ಹೂವಿನ ಪಾತಿಗೆ ದಿನಾ ನೀರು ಹಾಕುತ್ತಿದ್ದರೆ ಅದೂ ಒಳಗೇ ಬರುತ್ತದೆ. ಎಷ್ಟೋ ಬೇಸ್‌ಮೆಂಟುಗಳ ಸೋರಿಕೆ ಇಷ್ಟರಲ್ಲೇ ನಿಂತುಬಿಡುತ್ತದೆ. ಇದನ್ನೆಲ್ಲ ನೋಡದೆ ನೇರವಾಗಿ ದುಬಾರಿ ವಾಟರ್‌ಪ್ರೂಫಿಂಗ್ ಹೇಳುವವರ ಮಾತಿಗೆ ಬೇಗ ತಲೆಯಾಡಿಸಬೇಡಿ.

ಒಳಗಿನಿಂದ ಬರಿಯ ವಾಟರ್‌ಪ್ರೂಫ್ ಪೇಂಟ್ ಬಳಿದು ಕೆಲಸ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಸ್ವಲ್ಪ ಲೆಕ್ಕ ನೋಡಿ. ಗೋಡೆಯಾಚೆ 1 ಮೀಟರ್ ಎತ್ತರಕ್ಕೆ ನೀರು ನಿಂತರೆ ಅದರ ಬುಡದಲ್ಲಿ ಒಂದು ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ ಬೀಳುತ್ತದೆ. ಮಾಮೂಲಿ ಬಣ್ಣ ಇದಕ್ಕೆ ಎದುರು ನಿಲ್ಲುವುದಿಲ್ಲ, ಉಬ್ಬಿ ಕಳಚಿಕೊಳ್ಳುತ್ತದೆ. ಒಳಗಿಂದಲೇ ಮಾಡಬೇಕಾದರೆ ಕಾಂಕ್ರೀಟಿನೊಳಗೆ ಇಳಿದು ಹರಳುಗಟ್ಟುವ ಸಿಮೆಂಟ್ ಆಧಾರಿತ ಲೇಪನ ಬೇಕು. ನೀರಿನ ಒತ್ತಡ ಸದಾ ಇರುವ ಕಡೆ ಲೇಪನ ಒಂದೇ ಸಾಲದು. ಗೋಡೆಯ ಬುಡದುದ್ದಕ್ಕೂ ನೆಲ ಕತ್ತರಿಸಿ, ಜಲ್ಲಿ ತುಂಬಿ, ತೂತಿನ ಪೈಪು ಹಾಕಿ, ನೀರನ್ನು ಒಂದು ಗುಂಡಿಗೆ ತಂದು ಸಂಪ್ ಪಂಪಿನಿಂದ ಹೊರಹಾಕಬೇಕು. ಪಂಪಿಗೆ ಬ್ಯಾಟರಿ ಇರಲೇಬೇಕು. ಜೋರು ಮಳೆ ಮತ್ತು ಕರೆಂಟ್ ಹೋಗುವುದು ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ, ಅಲ್ವಾ?

ಬಿರುಕುಗಳ ಬಗ್ಗೆ ಒಂದು ಮಾತು. ಕೂದಲೆಳೆಯಂಥ ನೇರ ಬಿರುಕು ಕಾಂಕ್ರೀಟ್ ಒಣಗುವಾಗ ಬಂದದ್ದಿರಬಹುದು. ಅದನ್ನು ತುಂಬಿದರೆ ಸಾಕು. ಗೋಡೆಯ ನಡುವೆ ಅಡ್ಡಡ್ಡ ಓಡುವ ಬಿರುಕು, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನ ಹಾಗೆ ಏರುವ ಬಿರುಕು, ಒಳಕ್ಕೆ ಉಬ್ಬಿದ ಗೋಡೆ ಕಂಡರೆ ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಮಣ್ಣು ಗೋಡೆಯನ್ನು ತಳ್ಳುತ್ತಿರಬಹುದು, ಇಲ್ಲವೇ ಪಾಯ ಕುಸಿಯುತ್ತಿರಬಹುದು.

ಹಂತ 2: ಎತ್ತರ, ಅನುಮತಿ

ಬೇಸ್‌ಮೆಂಟಿನಲ್ಲಿ ವಾಸಕ್ಕೆ ಅನುಮತಿಯೇ ಕೊಡದ ಊರುಗಳಿವೆ. ಕೆಲವು ಕಡೆ ಸಾಮಾನು ಇಡಲು, ವಾಹನ ನಿಲ್ಲಿಸಲು ಮಾತ್ರ ಬಿಡುತ್ತಾರೆ. ಇನ್ನು ಕೆಲವು ಕಡೆ ಮಲಗುವ ಕೋಣೆಗೆ ಬೇರೆಯೇ ನಿಯಮ. ನಿಮ್ಮ ಸ್ಥಳೀಯ ಆಡಳಿತದ ನಿಯಮ ಏನೆಂದು ಮೊದಲೇ ಕೇಳಿ. ಮುಂದೆ ಮನೆ ಮಾರುವಾಗಲೂ ವಿಮೆ ಕೇಳುವಾಗಲೂ ಅನುಮತಿಯ ಕಾಗದ ಬೇಕಾಗುತ್ತದೆ.

ಎತ್ತರ ಅಳೆಯುವಾಗ ನೆಲದಿಂದ ಸ್ಲ್ಯಾಬಿಗೆ ಅಳೆದು ಬರೆದುಕೊಂಡರೆ ಸಾಲದು. ಬೀಮಿನ ಅಡಿ, ಪೈಪಿನ ಅಡಿ, ಮೆಟ್ಟಿಲ ಮೇಲಿನ ಜಾಗ ಎಲ್ಲ ಬೇರೆ ಬೇರೆ ಅಳೆಯಿರಿ. ಅದರಿಂದ ಹೊಸ ನೆಲಹಾಸಿನ ದಪ್ಪ, ಸೀಲಿಂಗಿನ ದಪ್ಪ ಕಳೆಯಿರಿ. ನೆಲಕ್ಕೆ 1 ಇಂಚು, ಸೀಲಿಂಗಿಗೆ 4 ಇಂಚು ಹೋದರೆ 7 ಅಡಿ 4 ಇಂಚಿನ ಕೋಣೆ 6 ಅಡಿ 11 ಇಂಚಿಗೆ ಇಳಿಯುತ್ತದೆ. ಅಮೆರಿಕದ ಮಾದರಿ ವಸತಿ ಸಂಹಿತೆ ವಾಸದ ಕೋಣೆಗೆ ಕನಿಷ್ಠ 7 ಅಡಿ ಕೇಳುತ್ತದೆ. ಬೇರೆ ದೇಶಗಳಲ್ಲಿ ಇನ್ನೂ ಜಾಸ್ತಿ ಕೇಳುವುದುಂಟು.

ಎತ್ತರ ಸಾಲದಿದ್ದರೆ ನೆಲ ಅಗೆದು ಇಳಿಸಬಹುದಾ? ಆಗುತ್ತದೆ, ಆದರೆ ಇಡೀ ಮನೆ ಪಾಯದ ಮೇಲೆ ಕೂತಿದೆ. ಪಾಯದ ಅಡಿಯ ಮಣ್ಣು ತೆಗೆಯುವುದು ಎಂಜಿನಿಯರ್ ಲೆಕ್ಕ ಹಾಕಿ, ತುಂಡು ತುಂಡಾಗಿ ಮಾಡಿಸುವ ಕೆಲಸ. ಖರ್ಚೂ ದೊಡ್ಡದು. ನನ್ನ ಕೇಳಿದರೆ ಎತ್ತರ ಕಡಿಮೆ ಇರುವ ಜಾಗವನ್ನು ಉಗ್ರಾಣವಾಗಿಯೇ ಚೆನ್ನಾಗಿ ಜೋಡಿಸಿಕೊಂಡು, ಮೇಲಿನ ಒಂದು ಕೋಣೆಯನ್ನು ಖಾಲಿ ಮಾಡಿಕೊಳ್ಳುವುದೇ ವಾಸಿ.

ಹಂತ 3: ಬೆಂಕಿ ಬಿದ್ದರೆ ಹೊರಗೆ ಬರುವುದು ಹೇಗೆ?

ಮೆಟ್ಟಿಲು ಒಂದೇ ದಾರಿಯಾದರೆ, ಬೆಂಕಿ ಮೆಟ್ಟಿಲ ಬಳಿಯೇ ಹೊತ್ತಿಕೊಂಡಾಗ ಕೆಳಗಿದ್ದವರು ಸಿಕ್ಕಿಬೀಳುತ್ತಾರೆ. ಯಾರಾದರೂ ಮಲಗುವ ಕೋಣೆಗೆ ಎರಡನೇ ದಾರಿ ಇರಲೇಬೇಕು. ಬಾಗಿಲು ಆಗಬಹುದು, ದೊಡ್ಡ ಕಿಟಕಿ ಆಗಬಹುದು. ಅಮೆರಿಕದ ಅದೇ ಸಂಹಿತೆ ಇಂಥ ಕಿಟಕಿಗೆ ಕೊಡುವ ಅಳತೆಗಳು ಎಲ್ಲರಿಗೂ ಒಳ್ಳೆಯ ಆಧಾರ. ತೆರೆದಾಗ ಸಿಗುವ ಜಾಗ ಕನಿಷ್ಠ 5.7 ಚದರ ಅಡಿ, ಎತ್ತರ 24 ಇಂಚಿಗೆ ಕಡಿಮೆ ಇರಬಾರದು, ಅಗಲ 20 ಇಂಚಿಗೆ ಕಡಿಮೆ ಇರಬಾರದು, ಕಿಟಕಿಯ ತಳ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಎತ್ತರ ಅಗಲ ಎರಡನ್ನೂ ಕನಿಷ್ಠಕ್ಕೇ ಇಟ್ಟರೆ 5.7 ಚದರ ಅಡಿ ಆಗುವುದಿಲ್ಲ, ಗಮನಿಸಿ. ಒಂದನ್ನಾದರೂ ದೊಡ್ಡದು ಮಾಡಬೇಕು.

ಕಿಟಕಿ ನೆಲಮಟ್ಟಕ್ಕಿಂತ ಕೆಳಗಿದ್ದರೆ ಅದರ ಹೊರಗೆ ಬಾವಿಯಂತೆ ಗುಂಡಿ ತೋಡಬೇಕು. ಅದು ಗೋಡೆಯಿಂದ 3 ಅಡಿಯಾದರೂ ಆಚೆಗೆ ಚಾಚಿರಲಿ. 44 ಇಂಚಿಗಿಂತ ಆಳ ಇದ್ದರೆ ಹತ್ತಲು ಏಣಿ ಬೇಕು. ತಳದಲ್ಲಿ ನೀರು ಹೋಗಲು ದಾರಿ ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಅದೇ ತೊಟ್ಟಿಯಾಗುತ್ತದೆ. ಜಾಲರಿ ಹಾಕಿದರೆ ಒಳಗಿಂದ ಬೀಗದ ಕೈ ಇಲ್ಲದೆ ತೆರೆಯುವ ಹಾಗಿರಲಿ. ಗೋಡೆ ಕತ್ತರಿಸುವ ಮುನ್ನ ಮೇಲಿನ ಭಾರ ಹೊರಲು ಲಿಂಟೆಲ್ ಲೆಕ್ಕ ಹಾಕಿಸಿ. ಹೊಗೆಯ ಅಲಾರಂ ಕೆಳಗೂ ಮೇಲೂ ಹಾಕಿ. ಒಂದು ಕೂಗಿದರೆ ಎಲ್ಲವೂ ಕೂಗುವಂಥದ್ದು ಸಿಕ್ಕರೆ ಅದನ್ನೇ ತನ್ನಿ.

ಹಂತ 4: ಗಾಳಿ

'ಕಿಟಕಿ ತೆರೆದಿಟ್ಟರೆ ಒಣಗುತ್ತದೆ' ಎನ್ನುವ ಮಾತು ಬೇಸ್‌ಮೆಂಟಿನಲ್ಲಿ ಕೆಲವೊಮ್ಮೆ ಉಲ್ಟಾ ಆಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಬಿಸಿ, 70 ಶೇಕಡಾ ತೇವಾಂಶ ಇದೆ ಅಂದುಕೊಳ್ಳಿ. ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದರೆ ಅದರಲ್ಲಿನ ನೀರು ಹನಿಯಾಗುತ್ತದೆ. ಮಣ್ಣಿಗೆ ತಾಗಿದ ಗೋಡೆ 20 ಡಿಗ್ರಿ ಇದ್ದರೆ ನೀವು ಕಿಟಕಿ ತೆರೆದು ಗೋಡೆಗೆ ನೀರು ಕುಡಿಸಿದ ಹಾಗೆಯೇ ಸರಿ. ಸೆಕೆ ದಿನಗಳಲ್ಲಿ ಕಿಟಕಿ ಮುಚ್ಚಿ, ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸಿ. ಹೊರಗೆ ತಂಪಾಗಿ ಒಣ ಗಾಳಿ ಇದ್ದಾಗ ತೆರೆಯಿರಿ. ಒಂದು ಚಿಕ್ಕ ತೇವಮಾಪಕ ಗೋಡೆಗೆ ತೂಗುಹಾಕಿ. ತೇವಾಂಶ ಶೇಕಡಾ 60ರ ಕೆಳಗೆ, ಸಾಧ್ಯವಾದರೆ 50ರ ಕೆಳಗೆ ಇದ್ದರೆ ಬೂಸ್ಟಿನ ಚಿಂತೆ ಕಡಿಮೆ. ಜನ ಮಲಗುವ, ವ್ಯಾಯಾಮ ಮಾಡುವ ಜಾಗಕ್ಕೆ ಹೊಸ ಗಾಳಿ ತರುವ, ಹಳೆ ಗಾಳಿ ಹೊರಹಾಕುವ ಯಾಂತ್ರಿಕ ವ್ಯವಸ್ಥೆಯೂ ಬೇಕು.

ಇನ್ನೊಂದು ಕಾಣದ ಶತ್ರು ರೇಡಾನ್. ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುವಾಗ ಹುಟ್ಟುವ ಅನಿಲ ಇದು. ಬಣ್ಣ ಇಲ್ಲ, ವಾಸನೆ ಇಲ್ಲ. ಬಿರುಕುಗಳ ಮೂಲಕ ಒಳಬಂದು ಬೇಸ್‌ಮೆಂಟಿನಲ್ಲಿ ಸೇರಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣಗಳಲ್ಲಿ ಇದೂ ಒಂದು. ವಿಶ್ವ ಆರೋಗ್ಯ ಸಂಸ್ಥೆ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಮಟ್ಟವನ್ನು ಮಿತಿಯಾಗಿ ಸೂಚಿಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 148 ದಾಟಿದರೆ ಸರಿಪಡಿಸಿ ಎನ್ನುತ್ತದೆ. ಅಳೆಯುವ ಕಿಟ್ ಇಟ್ಟು ನೋಡಿ. ಜಾಸ್ತಿ ಇದ್ದರೆ ನೆಲದ ಸ್ಲ್ಯಾಬಿನ ಅಡಿಯಿಂದ ಪೈಪಿನಲ್ಲಿ ಗಾಳಿ ಹೀರಿ ಚಾವಣಿಯ ಮೇಲೆ ಬಿಡುವ ಫ್ಯಾನ್ ಹಾಕುತ್ತಾರೆ. ಟೈಲ್ಸ್ ಹಾಕುವ ಮೊದಲು ಈ ಪೈಪು ಹಾಕಿಸುವುದು ಸುಲಭ.

ಗ್ಯಾಸ್ ಗೀಸರ್, ಬಾಯ್ಲರ್ ಅಲ್ಲೇ ಇದ್ದರೆ ಅದನ್ನು ಗಾಳಿಯಾಡದ ಕಪಾಟಿನಲ್ಲಿ ಮುಚ್ಚಿಬಿಡಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ. ಜನರೇಟರ್ ಅಂತೂ ಒಳಗೆ ಇಡಲೇಬಾರದು.

ಹಂತ 5: ಯಾವ ಕೋಣೆ ಎಲ್ಲಿ?

ಇಷ್ಟೆಲ್ಲ ಆದಮೇಲೆ ಕಾಗದ ಪೆನ್ಸಿಲ್ ತೆಗೆಯಿರಿ. ಮೊದಲು ಜರುಗಿಸಲಾಗದ್ದನ್ನೆಲ್ಲ ಬರೆಯಿರಿ: ಕಂಬ, ಬೀಮ್, ಮೆಟ್ಟಿಲು, ಒಳಚರಂಡಿ ಪೈಪು, ನೀರಿನ ವಾಲ್ವ್, ಕರೆಂಟ್ ಬೋರ್ಡ್, ಕಿಟಕಿಗಳು. ಉಳಿದ ಬಿಳಿ ಜಾಗವೇ ನಿಮ್ಮ ಕೈಗೆ ಸಿಕ್ಕಿರುವುದು.

ಹಂಚುವಾಗ ಬೆಳಕನ್ನೇ ಮಾನದಂಡ ಮಾಡಿಕೊಳ್ಳಿ. ಹಗಲು ಹೊತ್ತು ತುಂಬ ಹೊತ್ತು ಕೂರುವ ಕೆಲಸ ಕಿಟಕಿಯ ಪಕ್ಕಕ್ಕೆ ಬರಲಿ: ಓದುವ ಮೇಜು, ಮಕ್ಕಳ ಆಟ, ಮಲಗುವ ಕೋಣೆ. ಬೆಳಕು ಬೇಡದ್ದು ಒಳಗೆ ಹೋಗಲಿ: ಸಿನಿಮಾ ಕೋಣೆ, ಬಟ್ಟೆ ಒಗೆಯುವ ಜಾಗ, ಬಚ್ಚಲು, ಉಗ್ರಾಣ. ಸಂಗೀತ ಕಲಿಯುವವರಿಗೆ, ಡ್ರಮ್ ಬಾರಿಸುವವರಿಗೆ ಬೇಸ್‌ಮೆಂಟಿನಷ್ಟು ಒಳ್ಳೆಯ ಜಾಗ ಮನೆಯಲ್ಲಿ ಬೇರೆ ಇಲ್ಲ. ಮೂರು ಕಡೆಯ ಮಣ್ಣೇ ಸದ್ದು ತಡೆಯುತ್ತದೆ. ವ್ಯಾಯಾಮಕ್ಕೂ ಚೆನ್ನ, ಭಾರ ಕೆಳಗೆ ಬಿದ್ದರೂ ಯಾರ ತಲೆಯ ಮೇಲೂ ಬೀಳುವುದಿಲ್ಲ. ಆದರೆ ಕೈ ಎತ್ತಿ ಜಿಗಿದರೆ ಸೀಲಿಂಗಿಗೆ ತಾಗುತ್ತದಾ ಎಂದು ನಿಂತು ನೋಡಿ. ಓಟದ ಯಂತ್ರವೇ ನಿಮ್ಮನ್ನು ಅರ್ಧ ಅಡಿ ಮೇಲೆತ್ತುತ್ತದೆ.

ವಯಸ್ಸಾದವರಿಗೆ ಕೆಳಗೆ ಕೋಣೆ ಮಾಡುವ ಯೋಚನೆಗೆ ನಾನು ಒಪ್ಪುವುದಿಲ್ಲ. ದಿನಾ ಮೆಟ್ಟಿಲು ಹತ್ತಿಳಿಯಬೇಕು, ಬಿಸಿಲು ಕಮ್ಮಿ, ಕೂಗಿದರೆ ಮೇಲೆ ಕೇಳುವುದಿಲ್ಲ. ಹೊರಗೆ ನೇರ ಬಾಗಿಲಿರುವ, ಇಳಿಜಾರು ನಿವೇಶನದ ಬೇಸ್‌ಮೆಂಟ್ ಆದರೆ ಮಾತು ಬೇರೆ.

ಗೋಡೆಗಳನ್ನು ಆದಷ್ಟು ಕಡಿಮೆ ಎಬ್ಬಿಸಿ. ಪ್ರತಿ ಅಡ್ಡಗೋಡೆಯೂ ಬೆಳಕು ಕಿತ್ತುಕೊಳ್ಳುತ್ತದೆ. ಬೇರ್ಪಡಿಸಲೇಬೇಕಾದರೆ ಅರ್ಧ ಗೋಡೆ, ಗಾಜು, ತೆರೆದ ಪುಸ್ತಕದ ಕಪಾಟು ಬಳಸಿ. ನಡುವೆ ನಿಂತ ಕಂಬವನ್ನು ತೆಗೆಯುವ ಯೋಚನೆ ಬಿಟ್ಟು, ಅದರ ಸುತ್ತ ಕಪಾಟು ಕಟ್ಟಿ ಅಥವಾ ಎರಡು ಜಾಗಗಳ ಗಡಿ ಅಲ್ಲೇ ಬರುವ ಹಾಗೆ ಮಾಡಿ. ತಗ್ಗಿನ ಬೀಮ್ ಇರುವಲ್ಲಿ ನಡೆಯುವ ದಾರಿ ಬೇಡ, ಕೂರುವ ಜಾಗ ಬರಲಿ. ಸೋಫಾದ ಹಿಂದೆ ಬೀಮ್ ಬಂದರೆ ಯಾರಿಗೂ ತೊಂದರೆ ಇಲ್ಲ. ಮೆಟ್ಟಿಲ ಅಡಿಯ ಮೂಲೆ ಎಳೆಯುವ ಡ್ರಾಯರುಗಳಿಗೆ, ಚಿಕ್ಕ ಮಕ್ಕಳ ಓದುವ ಗೂಡಿಗೆ ಹೇಳಿ ಮಾಡಿಸಿದ್ದು.

ಹಂತ 6: ಬಚ್ಚಲು ಬೇಕಾ?

ಬೇಕೆಂದರೆ ಮೇಲಿನ ಬಚ್ಚಲಿನ ನೇರ ಕೆಳಗೇ ಮಾಡಿ. ನೀರಿನ ಪೈಪೂ ಗಾಳಿಯ ಪೈಪೂ ಹತ್ತಿರ ಸಿಗುತ್ತವೆ. ಒಳಚರಂಡಿ ಪೈಪು ಬೇಸ್‌ಮೆಂಟ್ ನೆಲಕ್ಕಿಂತ ಕೆಳಗಿದ್ದರೆ ಅದೃಷ್ಟ. ನೆಲ ಕತ್ತರಿಸಿ ಅಡಿಗೆ ಕಾಲು ಇಂಚು ವಾಟ ಕೊಟ್ಟು ಸೇರಿಸಿದರೆ ಆಯಿತು. ಪೈಪು ಮೇಲಿದ್ದರೆ ಮಲಿನ ನೀರನ್ನು ಎತ್ತುವ ಪಂಪ್ ಬೇಕು. ಮುಚ್ಚಿದ ತೊಟ್ಟಿ, ಹೊರಗೆ ಹೋಗುವ ಗಾಳಿ ಕೊಳವೆ ಇರಬೇಕು, ಪಂಪ್ ರಿಪೇರಿಗೆ ಕೈ ಹೋಗುವ ಹಾಗಿರಬೇಕು. ಬೀದಿಯ ಚರಂಡಿ ತುಂಬಿದಾಗ ಕೊಳಕು ನೀರು ಹಿಂದಕ್ಕೆ ಬರುವುದು ಮನೆಯ ಎಲ್ಲಕ್ಕಿಂತ ತಗ್ಗಿನ ಬಚ್ಚಲಿಗೇ. ಅದಕ್ಕೆ ನೀರು ಹಿಂತಿರುಗದಂತೆ ತಡೆಯುವ ವಾಲ್ವ್ ಹಾಕಿಸದೆ ಬಿಡಬೇಡಿ.

ಹಂತ 7: ಗೋಡೆ, ನೆಲ, ಸೀಲಿಂಗ್

ಇಲ್ಲಿ ಸೂತ್ರ ಒಂದೇ: ನೆಂದರೆ ಹಾಳಾಗುವ ವಸ್ತು ಕಾಂಕ್ರೀಟಿಗೆ ತಾಗಬಾರದು. ಒಳಗೋಡೆ ಕಟ್ಟುವಾಗ ಹೊರಗೋಡೆಯಿಂದ ಸ್ವಲ್ಪ ಜಾಗ ಬಿಡಿ. ಚಳಿ ಪ್ರದೇಶಗಳಲ್ಲಿ ಮೊದಲು ಕಾಂಕ್ರೀಟಿಗೆ ಗಟ್ಟಿ ಫೋಮ್ ಹಲಗೆ ಅಂಟಿಸಿ, ಸಂದುಗಳನ್ನು ಟೇಪಿನಿಂದ ಮುಚ್ಚಿ, ಅದರ ಮುಂದೆ ಚೌಕಟ್ಟು ನಿಲ್ಲಿಸುತ್ತಾರೆ. ಒಳಗಿನ ಬೆಚ್ಚಗಿನ ಗಾಳಿ ತಣ್ಣನೆ ಗೋಡೆಗೆ ತಾಗುವುದೇ ಇಲ್ಲ, ಹಾಗಾಗಿ ಹನಿಯೂ ಕೂರುವುದಿಲ್ಲ. ಗಾಜುನಾರಿನ ಹತ್ತಿಯನ್ನು ನೇರವಾಗಿ ಕಾಂಕ್ರೀಟಿಗೆ ಒತ್ತಿದರೆ ಅದು ತೇವ ಹಿಡಿದುಕೊಂಡು ಬೂಸ್ಟು ಬೆಳೆಸುತ್ತದೆ. ಫೋಮ್ ಬೆಂಕಿ ಹಿಡಿಯುವ ವಸ್ತು, ಅದನ್ನು ತೆರೆದು ಬಿಡದೆ ಜಿಪ್ಸಮ್ ಬೋರ್ಡ್ ಮುಚ್ಚಲೇಬೇಕು. ಬೋರ್ಡಿನ ಕೆಳ ಅಂಚು ನೆಲದಿಂದ ಅರ್ಧ ಇಂಚು ಮೇಲಿರಲಿ. ಆ ಸಂದನ್ನು ಪಟ್ಟಿ ಮುಚ್ಚುತ್ತದೆ. ಚೌಕಟ್ಟಿಗೆ ಲೋಹದ ಚಾನೆಲ್ ಆದರೆ ಒಳ್ಳೆಯದು. ಮರವಾದರೆ ನೆಲಕ್ಕೆ ಕೂರುವ ತುಂಡು ರಾಸಾಯನಿಕ ಉಪಚಾರ ಮಾಡಿದ್ದಿರಲಿ.

ನೆಲಕ್ಕೆ ಸೆರಾಮಿಕ್ ಟೈಲ್ಸ್ ಎಲ್ಲಕ್ಕಿಂತ ನೆಮ್ಮದಿ, ಆದರೆ ತಣ್ಣಗಿರುತ್ತದೆ. ಮೇಲೆ ಎತ್ತಿ ಒಣಗಿಸಬಹುದಾದ ಜಮಖಾನ ಹಾಸಿ. ನೀರಿಗೆ ಜಗ್ಗದ ವಿನೈಲ್ ಹಲಗೆಗಳು ಕಾಲಿಗೆ ಬೆಚ್ಚಗೆ, ಮರದಂತೆ ಕಾಣುತ್ತವೆ. ಗಟ್ಟಿ ಮರದ ನೆಲ ಬೇಡ, ತೇವಕ್ಕೆ ಉಬ್ಬಿ ಬಾಗುತ್ತದೆ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಅಂತೂ ಬೇಡವೇ ಬೇಡ. ನೆಂದ ವಸ್ತುವಿನ ಮೇಲೆ ಒಂದೆರಡು ದಿನದಲ್ಲೇ ಬೂಸ್ಟು ಶುರುವಾಗಬಹುದು.

ಸೀಲಿಂಗಿನಲ್ಲಿ ಮೂರು ದಾರಿ. ಚೌಕ ಹಲಗೆಗಳ ತೂಗು ಸೀಲಿಂಗ್ ಆದರೆ ಯಾವಾಗ ಬೇಕಾದರೂ ಎತ್ತಿ ಪೈಪು ನೋಡಬಹುದು, ಆದರೆ ಎತ್ತರ ತಿನ್ನುತ್ತದೆ, ಕಚೇರಿಯ ಹಾಗೆ ಕಾಣುತ್ತದೆ. ಜಿಪ್ಸಮ್ ಸೀಲಿಂಗ್ ಅಚ್ಚುಕಟ್ಟು, ಪ್ರತಿ ವಾಲ್ವಿನ ಕೆಳಗೂ ತೆರೆಯುವ ಚಿಕ್ಕ ಮುಚ್ಚಳ ಇಡಬೇಕು. ಎತ್ತರ ಕಡಿಮೆ ಇದ್ದರೆ ಸೀಲಿಂಗೇ ಹಾಕದೆ ಪೈಪು, ಬೀಮ್ ಎಲ್ಲಕ್ಕೂ ಒಂದೇ ಬಣ್ಣ ಹೊಡೆಯುವುದು ನನಗೆ ಇಷ್ಟ. ಬಿಳಿ ಹೊಡೆದರೆ ಬೆಳಕು ಹೆಚ್ಚು, ಗಾಢ ಬಣ್ಣ ಹೊಡೆದರೆ ಪೈಪುಗಳು ಕಣ್ಣಿಗೆ ಬೀಳುವುದಿಲ್ಲ.

ಹಂತ 8: ಬೆಳಕು

ಬೇಸ್‌ಮೆಂಟ್ ಅನ್ನಿಸುವುದೂ ಮನೆ ಅನ್ನಿಸುವುದೂ ಬೆಳಕಿನಿಂದಲೇ. ಸೀಲಿಂಗ್ ನಡುವೆ ಒಂದು ಟ್ಯೂಬ್‌ಲೈಟ್ ಹಾಕಿದರೆ ಮೂಲೆಗಳು ಕತ್ತಲಾಗಿ ಗೋದಾಮಿನ ಕಳೆ ಬರುತ್ತದೆ. ಬೆಳಕನ್ನು ಗೋಡೆಗಳ ಮೇಲೆ ಚೆಲ್ಲಿ. ಗೋಡೆ ಬೆಳಗಿದರೆ ಕೋಣೆ ಅಗಲವಾಗಿ ಕಾಣುತ್ತದೆ. ಸೀಲಿಂಗಿನೊಳಗೆ ಕೂರುವ ತೆಳ್ಳನೆ ಎಲ್‌ಇಡಿ ಲೈಟುಗಳು, ಕಪಾಟಿನ ಅಡಿಯ ಪಟ್ಟಿ, ಮೂಲೆಯಲ್ಲಿ ನಿಲ್ಲುವ ದೀಪ, ಹೀಗೆ ಎರಡು ಮೂರು ಎತ್ತರದಲ್ಲಿ ಬೆಳಕಿರಲಿ, ಬೇರೆ ಬೇರೆ ಸ್ವಿಚ್ ಇರಲಿ. ಕೂರುವ, ಮಲಗುವ ಕಡೆ 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಛಾಯೆ, ಓದುವ ಮೇಜಿಗೆ, ಕೆಲಸದ ಜಾಗಕ್ಕೆ 4000. ಬಣ್ಣ ಸರಿಯಾಗಿ ಕಾಣಲು ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕ) 90ಕ್ಕಿಂತ ಮೇಲಿರುವ ಬಲ್ಬ್ ಕೊಳ್ಳಿ. ಹಗಲು ಬೆಳಕು ಕಡಿಮೆ ಇರುವಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ತಗ್ಗಿನ ಸೀಲಿಂಗಿಗೆ ತೂಗು ದೀಪ ಬೇಡ.

ಕಿಟಕಿಯ ಹೊರಗಿನ ಗುಂಡಿಯ ಗೋಡೆಗೆ ಬಿಳಿ ಬಣ್ಣ ಬಳಿಯಿರಿ, ತಳಕ್ಕೆ ಬಿಳಿ ಜಲ್ಲಿ ಹಾಕಿ. ಇಷ್ಟಕ್ಕೇ ಒಳಗೆ ಬರುವ ಬೆಳಕು ಹೆಚ್ಚುತ್ತದೆ. ಕಿಟಕಿಯ ಎದುರು ಕನ್ನಡಿ ಇಟ್ಟರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಪರದೆಯನ್ನು ಸೀಲಿಂಗಿನಿಂದ ನೆಲದವರೆಗೆ ಇಳಿಬಿಟ್ಟರೆ ಮೇಲಿರುವ ಪುಟ್ಟ ಕಿಟಕಿಯೂ ದೊಡ್ಡದು ಅನ್ನಿಸುತ್ತದೆ.

ಹಂತ 9: ಸದ್ದು ಮತ್ತು ಕರೆಂಟ್

ಮೇಲೆ ನಡೆಯುವವರ ಹೆಜ್ಜೆ ಸದ್ದು ತಡೆಯಲು ಸುಲಭದ ದಾರಿ ಮೇಲಿನ ನೆಲಕ್ಕೇ ದಪ್ಪ ಜಮಖಾನ ಹಾಸುವುದು. ಮರದ ತೊಲೆಗಳ ಮನೆಯಾದರೆ ತೊಲೆಗಳ ನಡುವೆ ಖನಿಜ ಉಣ್ಣೆ ತುಂಬಿ, ಸೀಲಿಂಗಿನ ಜಿಪ್ಸಮ್ ಬೋರ್ಡನ್ನು ನೇರ ಮೊಳೆ ಹೊಡೆಯದೆ ಸ್ಥಿತಿಸ್ಥಾಪಕ ಲೋಹದ ಪಟ್ಟಿಗೆ ಕೂರಿಸಿ.

ವೈರಿಂಗ್ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಪ್ಲಗ್ ಪಾಯಿಂಟುಗಳನ್ನು ಮಾಮೂಲಿಗಿಂತ ಮೇಲೆ ಇಡಿಸಿ. 30 ಮಿಲಿಆಂಪ್‌ಗೆ ಕಡಿಯುವ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಸರಬರಾಜು ಕಡಿಯುವ ಸಾಧನ) ಹಾಕಿಸಿ. ಸಂಪ್ ಪಂಪಿಗೆ ಪ್ರತ್ಯೇಕ ಸರ್ಕಿಟ್ ಇದ್ದರೆ ಬೇರೆ ಯಾವುದೋ ಕೆಟ್ಟು ಟ್ರಿಪ್ ಆದಾಗ ಪಂಪ್ ನಿಲ್ಲುವುದಿಲ್ಲ.

ಹಂತ 10: ಮುಚ್ಚುವ ಮುನ್ನ, ಮುಚ್ಚಿದ ಮೇಲೆ

ಪೈಪು, ವೈರು, ಫೋಮ್ ಎಲ್ಲ ಮುಗಿದು ಬೋರ್ಡ್ ಹಾಕುವ ಹಿಂದಿನ ದಿನ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ. ಮುಂದೆ ಮೊಳೆ ಹೊಡೆಯುವಾಗ ಎಲ್ಲಿ ಪೈಪಿದೆ ಎಂದು ಊಹಿಸಬೇಕಿಲ್ಲ. ತಪಾಸಣೆ ಇದ್ದರೆ ಅದೂ ಆಗಲೇ ಮುಗಿಯಲಿ. ಆಮೇಲೆ ಬೋರ್ಡ್, ಬಣ್ಣ, ನೆಲ, ಬಾಗಿಲು, ಅಂಚು ಪಟ್ಟಿ. ಸೋಫಾ ಕೊಳ್ಳುವ ಮುಂಚೆ ಮೆಟ್ಟಿಲ ತಿರುವು ಅಳೆಯಿರಿ. ಬಿಡಿಸಿ ಜೋಡಿಸುವಂಥದ್ದೇ ತಂದರೆ ಜಗಳ ಇಲ್ಲ.

ಮೊದಲ ಮಳೆಗಾಲ ಮುಗಿಯುವವರೆಗೆ ಕಪಾಟು, ಮಂಚಗಳನ್ನು ಹೊರಗೋಡೆಯಿಂದ ಎರಡು ಮೂರು ಇಂಚು ದೂರ ಇಡಿ, ಹಿಂದೆ ಟಾರ್ಚ್ ಬಿಟ್ಟು ನೋಡುತ್ತಿರಿ. ಮಳೆ ಶುರುವಾಗುವ ಮುನ್ನ ಸಂಪ್ ಗುಂಡಿಗೆ ಬಕೆಟ್ ನೀರು ಸುರಿದು ಪಂಪ್ ತಾನಾಗಿಯೇ ಓಡುತ್ತದಾ ಪರೀಕ್ಷಿಸಿ. ಆಮೇಲೆ ಮೇನ್ಸ್ ಆರಿಸಿ, ಬ್ಯಾಟರಿಯಲ್ಲಿ ಮತ್ತೊಮ್ಮೆ ಓಡಿಸಿ ನೋಡಿ.